ರೂಟ್ ತಪಾಸಣೆ ದಾಟಿದ ಮೇಲೆ ಏನು ಸಿಕ್ಕಿತು?

ಓದುಗರ ಪ್ರಶ್ನೆ, ನಮ್ಮ ಬಳಗದ ಉತ್ತರ: ಮೊಬೈಲ್ ಆ್ಯಪ್ ಸುರಕ್ಷತೆ

ರೂಟ್ ಮಾಡಿದ ಆಂಡ್ರಾಯ್ಡ್ ಫೋನಿನಲ್ಲಿ, ಜೈಲ್‌ಬ್ರೇಕ್ ಆದ ಐಫೋನಿನಲ್ಲಿ ಇಡೀ ವ್ಯವಸ್ಥೆಯ ಕೀಲಿಕೈ ಬಳಸುವವರ ಕೈಗೇ ಬಂದಿರುತ್ತದೆ. ಹಣಕಾಸಿನ ಆ್ಯಪ್‌ಗಳು ರೂಟ್ ತಪಾಸಣೆ ನಡೆಸಿ, ಅದನ್ನು ಗುರುತಿಸಿ ಬಾಗಿಲು ಹಾಕಿಕೊಳ್ಳುತ್ತವೆ. ಆ್ಯಪಿನ ಸುರಕ್ಷತೆ ಪರೀಕ್ಷಿಸುವವರಿಗೆ ಬೇಕಾಗುವುದು ಅಂಥದೇ ಫೋನು. ಈ ಸಲದ ಪತ್ರಗಳೆಲ್ಲ ಈ ಇಕ್ಕಟ್ಟಿನ ಸುತ್ತಲೇ ಬಂದಿವೆ.

ಪ್ರಶ್ನೆ: ನಂದು ಬಿ.ಇ. ಕೊನೇ ವರ್ಷ. ಫ್ರಿಡಾ, ಅಂದ್ರ ಓಡೋ ಆ್ಯಪಿನ ಒಳಗ ಹೊಕ್ಕು ಅದರ ನಡೆ ಬದಲಿಸಿ ನೋಡೋ ಸಾಧನ, ಕಲೀಬೇಕು ಅಂತ ಬಾಳ ಆಸೆ ಐತ್ರಿ. ಆದ್ರ ನನ್ನ ಹತ್ರ ಇರೋದು ಒಂದೇ ಫೋನು, ಅದರಾಗ ಅಪ್ಪಾಜಿಯವರ ಯುಪಿಐನೂ ನಡೀತೈತಿ. ಅದನ್ನ ರೂಟ್ ಮಾಡಲೇಬೇಕೇನ್ರಿ? ಯಾವ ಆ್ಯಪ್ ಮ್ಯಾಲೆ ಅಭ್ಯಾಸ ಮಾಡ್ಲಿ?
— ವಿದ್ಯಾರ್ಥಿ, ಸತ್ತೂರು, ಧಾರವಾಡ

ಉತ್ತರ: ಮನೆಯ ಹಣ ಓಡಾಡುವ ಫೋನನ್ನು ಮುಟ್ಟಲೇಬೇಡಿ. ರೂಟ್ ಮಾಡಲೆಂದು ಬೂಟ್‌ಲೋಡರ್ (ಫೋನ್ ಹೊತ್ತಿದಾಗ ವ್ಯವಸ್ಥೆಯನ್ನು ಎಬ್ಬಿಸುವ ಸಾಫ್ಟ್‌ವೇರ್) ತೆರೆದರೆ ಫೋನಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಸ್ಯಾಮ್‌ಸಂಗ್ ಆದರೆ ಒಳಗಿನ ನಾಕ್ಸ್ ಎಂಬ ಸುರಕ್ಷತಾ ಫ್ಯೂಸ್ ಒಮ್ಮೆ ಹೋಯಿತೆಂದರೆ ಹೋಯಿತು, ಹಳೆಯ ಸಾಫ್ಟ್‌ವೇರ್ ವಾಪಸ್ ಹಾಕಿದರೂ ಅದು ಸರಿಯಾಗುವುದಿಲ್ಲ.

ಕಲಿಯಲು ಎಮ್ಯುಲೇಟರ್, ಅಂದರೆ ಕಂಪ್ಯೂಟರಿನೊಳಗೆ ಓಡುವ ತೋರಿಕೆಯ ಫೋನು, ಸಾಕು. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಹೊಸ ಸಾಧನ ಮಾಡಿಕೊಳ್ಳುವಾಗ ಬಹಳ ಮಂದಿ ಎಡವುವುದು ಸಿಸ್ಟಮ್ ಇಮೇಜ್ ಆರಿಸುವಲ್ಲಿ. ‘ಗೂಗಲ್ ಪ್ಲೇ’ ಎಂದು ಬರೆದ ಇಮೇಜಿನಲ್ಲಿ ಕಂಪ್ಯೂಟರಿನಿಂದ ರೂಟ್ ಅಧಿಕಾರ ಪಡೆಯುವ ‘ಎಡಿಬಿ ರೂಟ್’ ಆದೇಶ ನಡೆಯುವುದಿಲ್ಲ. ‘ಗೂಗಲ್ ಎಪಿಐಸ್’ ಎಂದಿರುವುದನ್ನು ತೆಗೆದುಕೊಳ್ಳಿ. ಆಮೇಲೆ ಆ ಸಾಧನದೊಳಗೆ ಓಡಬೇಕಾದ ಫ್ರಿಡಾ ಸರ್ವರ್: ಇಂಟೆಲ್ ಅಥವಾ ಎಎಂಡಿ ಕಂಪ್ಯೂಟರಾದರೆ ಎಕ್ಸ್86-64ರ ಕಡತ, ನಿಜವಾದ ಫೋನಾದರೆ ಸಾಮಾನ್ಯವಾಗಿ ಆರ್ಮ್64. ಅದು ಬರುವುದು ಎಕ್ಸ್‌ಝಡ್ ಗಂಟಿನಲ್ಲಿ. ಗಂಟು ಬಿಚ್ಚದೆ ಹಾಗೇ ತಳ್ಳಿ, ಓಡುತ್ತಿಲ್ಲವೆಂದು ಗಂಟೆಗಟ್ಟಲೆ ಹುಡುಕುವವರಿದ್ದಾರೆ. ಬಿಚ್ಚಿದ ಕಡತವನ್ನು ಡೇಟಾ ಫೋಲ್ಡರಿನ ಒಳಗಿನ ಲೋಕಲ್, ಅದರ ಒಳಗಿನ ಟಿಎಂಪಿಗೆ ಹಾಕಿ, 755 ಅನುಮತಿ ಕೊಟ್ಟು, ರೂಟ್ ಆಗಿಯೇ ಓಡಿಸಿ. ಕಂಪ್ಯೂಟರಿನಲ್ಲಿರುವ ಫ್ರಿಡಾ ಮತ್ತು ಈ ಸರ್ವರ್ ಒಂದೇ ಆವೃತ್ತಿಯವು ಇರಬೇಕು, ಇಲ್ಲವಾದರೆ ಎರಡಕ್ಕೂ ಮಾತು ಕೂಡುವುದಿಲ್ಲ. ಇನ್ನೊಂದು ಮಾತು: ಫ್ರಿಡಾ 17ರಿಂದ ಜಾವಾ ಸೇತುವೆ (ಆ್ಯಪಿನ ಜಾವಾ ಕೋಡನ್ನು ಮುಟ್ಟಲು ಬೇಕಾದ ಭಾಗ) ಮೂಲದಲ್ಲೇ ಸೇರಿ ಬರುವುದಿಲ್ಲ. ಫ್ರಿಡಾ ಟೂಲ್ಸ್‌ನ ಆದೇಶದಿಂದ ಓಡಿಸಿದರೆ ಅದು ಸಿಗುತ್ತದೆ, ನೀವೇ ಪೈಥಾನಿನಲ್ಲಿ ಬರೆದು ಓಡಿಸಿದರೆ ‘ಜಾವಾ’ ಎಂಬ ಹೆಸರೇ ಗೊತ್ತಿಲ್ಲ ಎಂಬ ದೋಷ ಬರುತ್ತದೆ. ಹಳೆಯ ಪಾಠಗಳನ್ನು ನೋಡಿ ಕಲಿಯುವವರು ಇಲ್ಲೇ ಕಂಗಾಲಾಗುವುದು.

ಅಭ್ಯಾಸಕ್ಕೆ ಸಾಫ್ಟ್‌ವೇರ್ ಸುರಕ್ಷತೆಗೆ ದುಡಿಯುವ ಓವಾಸ್ಪ್ ಸಂಸ್ಥೆಯ ‘ಅನ್‌ಕ್ರ್ಯಾಕಬಲ್’ ಆ್ಯಪ್‌ಗಳಿವೆ. ಮುರಿದು ನೋಡಲೆಂದೇ ಮಾಡಿದವು, ಯಾರ ಅನುಮತಿಯೂ ಬೇಕಿಲ್ಲ. ಮೊದಲ ಹಂತದ್ದನ್ನು ತೆರೆದರೆ ‘ರೂಟ್ ಡಿಟೆಕ್ಟೆಡ್’ ಎಂಬ ಪೆಟ್ಟಿಗೆ ಬರುತ್ತದೆ, ಓಕೆ ಒತ್ತಿದರೆ ಆ್ಯಪ್ ಮುಚ್ಚುತ್ತದೆ. ಜಾಡ್‌ಎಕ್ಸ್‌ನಲ್ಲಿ ಕೋಡ್ ಬಿಚ್ಚಿ ನೋಡಿ. ಎ, ಬಿ, ಸಿ ಎಂಬ ಮೂರು ಪುಟ್ಟ ಮೆಥಡ್‌ಗಳಿವೆ. ಒಂದು ಪಾತ್ ಪಟ್ಟಿಯ ಪ್ರತಿ ಫೋಲ್ಡರಿನಲ್ಲೂ ರೂಟ್ ಅಧಿಕಾರ ಕೊಡುವ ‘ಎಸ್‌ಯು’ ಕಡತ ಇದೆಯೇ ಎಂದು ಹುಡುಕುತ್ತದೆ, ಇನ್ನೊಂದು ಬಿಲ್ಡ್ ಟ್ಯಾಗಿನಲ್ಲಿ ‘ಟೆಸ್ಟ್ ಕೀಸ್’ ಇದೆಯೇ ನೋಡುತ್ತದೆ, ಮತ್ತೊಂದು ಸೂಪರ್‌ಯೂಸರ್‌ನಂಥ ಹಳೆಯ ಕಡತಗಳ ಹಾದಿಗಳನ್ನು ತಡಕುತ್ತದೆ. ಮಾರುಕಟ್ಟೆಯ ಎಷ್ಟೋ ಆ್ಯಪ್‌ಗಳು ಬಳಸುವ ರೂಟ್‌ಬಿಯರ್ ಲೈಬ್ರರಿಯಲ್ಲೂ ಈ ಮೂರು ತಂತ್ರಗಳಿವೆ, ಪಟ್ಟಿ ಮಾತ್ರ ಇನ್ನೂ ಉದ್ದ.

ಈಗ ಎರಡು ದಾರಿ ಮಾಡಿ ನೋಡಿ. ಒಂದು, ಈ ಮೂರು ಮೆಥಡ್‌ಗಳೂ ‘ಇಲ್ಲ’ ಎಂದೇ ಉತ್ತರಿಸುವ ಹಾಗೆ ಮಾಡುವುದು. ಎರಡು, ಅವು ಏನಾದರೂ ಹೇಳಿಕೊಳ್ಳಲಿ, ‘ಸಿಸ್ಟಮ್ ಎಕ್ಸಿಟ್’ ಅನ್ನೇ ಏನೂ ಮಾಡದ ಹಾಗೆ ಮಾಡುವುದು. ಎರಡನೆಯದಕ್ಕೆ ಆ್ಯಪ್ ತೆರೆದು ಪೆಟ್ಟಿಗೆ ಕಾಣಿಸಿದ ಮೇಲೂ ಫ್ರಿಡಾ ಅಂಟಿಸಬಹುದು, ಏಕೆಂದರೆ ಮುಚ್ಚುವ ಕೆಲಸ ನಡೆಯುವುದು ಓಕೆ ಒತ್ತಿದಾಗ. ಮೊದಲನೆಯದಕ್ಕೆ ಹಾಗೆ ಮಾಡಿದರೆ ಪ್ರಯೋಜನವಿಲ್ಲ: ತಪಾಸಣೆ ಆ್ಯಪ್ ಏಳುವಾಗಲೇ ಮುಗಿದಿರುತ್ತದೆ, ಆದ್ದರಿಂದ ‘ಹೈಫನ್ ಎಫ್’ ಕೊಟ್ಟು ಫ್ರಿಡಾದಿಂದಲೇ ಆ್ಯಪನ್ನು ಎಬ್ಬಿಸಬೇಕು. ಈ ವ್ಯತ್ಯಾಸ ಕೈಗೆ ಹತ್ತಿದರೆ ಅರ್ಧ ವಿದ್ಯೆ ಬಂದಂತೆ. ಆಮೇಲೆ ಅದೇ ಆ್ಯಪಿನ ಗುಟ್ಟಿನ ಪದವನ್ನು ಬಿಡಿಸುವ ಎಇಎಸ್ ಮೆಥಡ್ ಹಿಡಿದು, ಅದು ಹಿಂದಿರುಗಿಸುವ ಬೈಟ್‌ಗಳನ್ನು ಮುದ್ರಿಸಿ. ಎರಡನೆಯ ಹಂತದಲ್ಲಿ ಗುಟ್ಟು ‘ಲಿಬ್‌ಫೂ’ ಎಂಬ ನೇಟಿವ್ (ನೇರ ಯಂತ್ರಭಾಷೆಯ) ಲೈಬ್ರರಿಗೆ ಇಳಿಯುತ್ತದೆ. ಜಾವಾ ಮಟ್ಟದ ಅಭ್ಯಾಸ ಅಲ್ಲಿ ನಿಲ್ಲುತ್ತದೆ, ಯಂತ್ರಭಾಷೆಯ ಕೋಡ್ ಬಿಚ್ಚಿ ತೋರಿಸುವ ಘಿಡ್ರಾ ಶುರುವಾಗುತ್ತದೆ.

ಪ್ರಶ್ನೆ: ಗ್ರಾಹಕ ಕಂಪನಿಯ ಲಿಖಿತ ಒಪ್ಪಿಗೆ ಪಡೆದು ಅವರ ಹಣ ಪಾವತಿ ಆ್ಯಪ್ ಪರೀಕ್ಷಿಸುತ್ತಿದ್ದೇವೆ. ರೂಟ್ ಮಾಡುವ ಸಾಧನವಾದ ಮ್ಯಾಜಿಸ್ಕ್‌ನ ಡಿನೈಲಿಸ್ಟ್‌ಗೆ, ಅಂದರೆ ರೂಟ್ ಕಾಣಬಾರದ ಆ್ಯಪ್‌ಗಳ ಪಟ್ಟಿಗೆ, ಅದನ್ನು ಸೇರಿಸಿದ್ದೇವೆ, ರೂಟ್ ಮರೆಮಾಡುವ ಸ್ಕ್ರಿಪ್ಟ್‌ಗಳನ್ನೂ ಹಾಕಿ ನೋಡಿದೆವು. ಎರಡೇ ಸೆಕೆಂಡಿಗೆ ಆ್ಯಪ್ ಸತ್ತುಹೋಗುತ್ತದೆ, ಯಾವ ಸಂದೇಶವೂ ಇಲ್ಲ. ಮೂರು ದಿನ ಹೋಯಿತು.
— ಪರೀಕ್ಷಕರು, ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ಸ್ಕ್ರಿಪ್ಟ್ ಮೇಲೆ ಸ್ಕ್ರಿಪ್ಟ್ ಹಾಕುವುದನ್ನು ನಿಲ್ಲಿಸಿ. ಆ್ಯಪ್ ಯಾವುದನ್ನು ಕಂಡು ಸಾಯುತ್ತಿದೆ ಎಂಬುದೇ ನಿಮಗಿನ್ನೂ ಗೊತ್ತಿಲ್ಲ. ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಪತ್ತೆ ಮಾಡಬೇಕು.

ಮೊದಲು ರೂಟ್ ಆಗದ ಫೋನಿನಲ್ಲಿ, ಡೆವಲಪರ್ ಆಯ್ಕೆ ಮುಚ್ಚಿ, ಆ್ಯಪ್ ಓಡಿಸಿ. ಎರಡನೆಯದು, ಅದೇ ಫೋನಿನಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ತೆರೆದು. ನಮ್ಮ ದೇಶದ ಹಣಕಾಸಿನ ಆ್ಯಪ್‌ಗಳಲ್ಲಿ ಎಷ್ಟೋ ಇಷ್ಟಕ್ಕೇ ಮುನಿದು ಮುಚ್ಚಿಕೊಳ್ಳುತ್ತವೆ, ಪರೀಕ್ಷಕರು ಮಾತ್ರ ರೂಟ್ ಎಂದುಕೊಂಡು ಒದ್ದಾಡುತ್ತಿರುತ್ತಾರೆ. ಮೂರನೆಯದು, ರೂಟ್ ಆದ ಫೋನು, ಡಿನೈಲಿಸ್ಟ್ ಇದೆ, ಫ್ರಿಡಾ ಇಲ್ಲ. ನಾಲ್ಕನೆಯದು, ಫ್ರಿಡಾ ಸರ್ವರ್ ಓಡುತ್ತಿದೆ, ಆದರೆ ಆ್ಯಪಿಗೆ ಅಂಟಿಸಿಲ್ಲ. ಐದನೆಯದು, ಅಂಟಿಸಿದೆ, ಸ್ಕ್ರಿಪ್ಟ್ ಖಾಲಿ. ಆರನೆಯದು, ನಿಮ್ಮ ಸ್ಕ್ರಿಪ್ಟ್ ಸಮೇತ. ಯಾವ ಮೆಟ್ಟಿಲಿನಲ್ಲಿ ಬಿದ್ದಿತೋ ಅಲ್ಲೇ ಉತ್ತರವಿದೆ. ಆರೂ ಸೇರಿ ಅರ್ಧ ಗಂಟೆಯ ಕೆಲಸ.

ಮೂರರಲ್ಲೇ ಬಿದ್ದರೆ ರೂಟ್ ಇನ್ನೂ ಕಾಣುತ್ತಿದೆ ಎಂದರ್ಥ. ಡಿನೈಲಿಸ್ಟ್‌ನಲ್ಲಿ ಆ್ಯಪಿನ ಹೆಸರಿನ ಮೇಲೆ ಒತ್ತಿ ಒಳಗಿನ ಎಲ್ಲ ಪ್ರೊಸೆಸ್‌ಗಳಿಗೂ ಗುರುತು ಬಿದ್ದಿದೆಯೇ ನೋಡಿ. ಮ್ಯಾಜಿಸ್ಕ್ 24ರಿಂದ ಹಳೆಯ ಮ್ಯಾಜಿಸ್ಕ್‌ಹೈಡ್ ಇಲ್ಲ, ಅದರೊಳಗಿನ ಝೈಗಿಸ್ಕ್ ಎಂಬ ಸೌಲಭ್ಯ ತೆರೆದು ಡಿನೈಲಿಸ್ಟ್ ಜಾರಿ ಮಾಡಿದರಷ್ಟೇ ಕೆಲಸ. ಮ್ಯಾಜಿಸ್ಕ್ ಆ್ಯಪಿನ ಪ್ಯಾಕೇಜ್ ಹೆಸರನ್ನೂ ಬದಲಿಸಿ. ಒಳ ಸಂಗ್ರಹದಲ್ಲಿ ಟಿಡಬ್ಲ್ಯುಆರ್‌ಪಿ (ರೂಟ್ ಮಾಡುವವರು ಬಳಸುವ ರಿಕವರಿ ಸಾಧನ) ಎಂಬ ಫೋಲ್ಡರ್ ಬಿಟ್ಟಿದ್ದರೂ ಕೆಲವು ಆ್ಯಪ್‌ಗಳಿಗೆ ಅದೇ ಸಾಕ್ಷಿ.

ನಾಲ್ಕು, ಐದರಲ್ಲಿ ಬಿದ್ದರೆ ಆ್ಯಪ್ ಕಂಡದ್ದು ರೂಟನ್ನಲ್ಲ, ಫ್ರಿಡಾವನ್ನು. ಅದರ ರೂಢಿಯ ಪೋರ್ಟ್ 27042. ‘ಹೈಫನ್ ಎಲ್’ ಕೊಟ್ಟು ಬೇರೆ ಪೋರ್ಟಿನಲ್ಲಿ ಸರ್ವರ್ ಎಬ್ಬಿಸಿ, ಎಡಿಬಿ ಫಾರ್ವರ್ಡ್ ಮಾಡಿ, ಕಂಪ್ಯೂಟರಿನಿಂದ ‘ಹೈಫನ್ ದೊಡ್ಡ ಎಚ್’ ಮೂಲಕ ಕೂಡಿಕೊಳ್ಳಿ. ಅಂಟಿಸಿದ ಮೇಲೆ ಬಿದ್ದರೆ ಆ್ಯಪ್ ತನ್ನದೇ ಮೆಮೊರಿ ನಕ್ಷೆಯಲ್ಲಿ ‘ಫ್ರಿಡಾ ಏಜೆಂಟ್’ ಎಂಬ ಹೆಸರನ್ನೋ, ಥ್ರೆಡ್‌ಗಳಲ್ಲಿ ‘ಜಿಮೇನ್’, ‘ಗಮ್ ಜೆಎಸ್ ಲೂಪ್’ ಎಂಬ ಹೆಸರುಗಳನ್ನೋ ಓದುತ್ತಿರಬಹುದು.

ಆರರಲ್ಲಷ್ಟೇ ಬಿದ್ದರೆ ತಪ್ಪು ನಿಮ್ಮ ಸ್ಕ್ರಿಪ್ಟಿನದೇ. ಎಲ್ಲಕ್ಕಿಂತ ಸಾಮಾನ್ಯ ತಪ್ಪು ಇದು: ‘ಫೈಲ್ ಎಕ್ಸಿಸ್ಟ್ಸ್’ ಮೆಥಡ್ ಯಾವ ಕಡತಕ್ಕೂ ‘ಇಲ್ಲ’ ಎನ್ನುವ ಹಾಗೆ ಬರೆದಿರುತ್ತಾರೆ. ಆಗ ಆ್ಯಪಿಗೆ ತನ್ನ ಸ್ವಂತ ಡೇಟಾಬೇಸೂ ಸಿಗದೆ ಕುಸಿಯುತ್ತದೆ, ನೋಡುವವರಿಗೆ ಅದು ರಕ್ಷಣೆಯಂತೆ ಕಾಣುತ್ತದೆ. ಎಸ್‌ಯು, ಬ್ಯುಸಿಬಾಕ್ಸ್, ಮ್ಯಾಜಿಸ್ಕ್ ಹಾದಿಗಳಿಗೆ ಮಾತ್ರ ಸುಳ್ಳು ಹೇಳಿಸಿ, ಉಳಿದದ್ದನ್ನು ಮೂಲ ಮೆಥಡಿಗೇ ಬಿಡಿ. ಆ್ಯಪಿನಿಂದ ಬೇರೆ ಆದೇಶ ಓಡಿಸುವ ‘ರನ್‌ಟೈಮ್ ಎಕ್ಸೆಕ್’ಗೆ ಆರು ರೂಪಗಳಿವೆ. ಒಂದನ್ನು ಹಿಡಿದು ಐದನ್ನು ಬಿಟ್ಟರೆ ತಪಾಸಣೆ ಆ ಐದರಲ್ಲಿ ಒಂದರಿಂದ ಹೋಗುತ್ತದೆ.

ಏನೂ ಹೇಳದೆ ಸಾಯುವ ಆ್ಯಪಿಗೆ ಆಂಡ್ರಾಯ್ಡ್‌ನ ಲಾಗ್ ತೋರಿಸುವ ಲಾಗ್‌ಕ್ಯಾಟ್ ತೆರೆದಿಡಿ. ಸಿಗ್ನಲ್ ಹೆಸರು, ಟೂಂಬ್‌ಸ್ಟೋನ್ (ಕುಸಿತದ ವರದಿ) ಕಂಡರೆ ಕುಸಿತ. ಏನೂ ಕಾಣದೆ ಪ್ರೊಸೆಸ್ ಮಾಯವಾದರೆ ನೇಟಿವ್ ಕೋಡ್ ತಾನೇ ಕೊಂದಿರುವ ಸಂಭವ ಹೆಚ್ಚು. ವ್ಯವಸ್ಥೆಯ ಮೂಲ ಲೈಬ್ರರಿಯಾದ ಲಿಬ್‌ಸಿಯ ಎಕ್ಸಿಟ್, ಅಬಾರ್ಟ್, ಕಿಲ್ ಇವುಗಳನ್ನು ಹಿಡಿದು, ಕರೆದವರ ಸರಣಿಯನ್ನು ಮುದ್ರಿಸಿ. ಯಾವ ಲೈಬ್ರರಿ, ಯಾವ ವಿಳಾಸ ಎಂಬುದು ಸಿಗುತ್ತದೆ. ಅದೂ ಸಿಗದಿದ್ದರೆ ಆ್ಯಪ್ ಲಿಬ್‌ಸಿಯ ಮೂಲಕ ಹೋಗದೆ ನೇರ ಸಿಸ್ಟಮ್ ಕರೆ ಮಾಡುತ್ತಿದೆ ಎಂದು ಅನುಮಾನಿಸಿ, ಘಿಡ್ರಾದಲ್ಲಿ ಅಂಥ ಕರೆ ಮಾಡುವ ಎಸ್‌ವಿಸಿ ಸೂಚನೆಗಳನ್ನು ಹುಡುಕಿ. ಲೈಬ್ರರಿ ಬಂದ ಕ್ಷಣವನ್ನು ಹಿಡಿಯಲು ‘ಆಂಡ್ರಾಯ್ಡ್ ಡಿಎಲ್‌ಓಪನ್ ಎಕ್ಸ್ಟ್’ ಮೇಲೆ ಕಾಯುತ್ತಾರೆ. ಅದು ಮುಗಿಯುವ ಹೊತ್ತಿಗೆ ಜೆಎನ್‌ಐ ಆನ್‌ಲೋಡ್ ಇನ್ನೂ ಓಡಿರುವುದಿಲ್ಲ, ಸರಿ. ಆದರೆ ಇನಿಟ್ ಅರೇಯಲ್ಲಿ (ಲೈಬ್ರರಿ ಬರುವಾಗಲೇ ಓಡುವ ಕೋಡಿನ ಪಟ್ಟಿಯಲ್ಲಿ) ಇಟ್ಟ ತಪಾಸಣೆ ಅಷ್ಟರಲ್ಲಿ ಓಡಿ ಮುಗಿದಿರುತ್ತದೆ. ಅಂಥದಕ್ಕೆ ಲಿಂಕರ್‌ನ ‘ಕಾಲ್ ಕನ್‌ಸ್ಟ್ರಕ್ಟರ್ಸ್’ ಹಿಡಿಯಬೇಕು.

ಆ್ಯಪನ್ನು ಬಿಚ್ಚಿ ಸ್ಮಾಲಿಯಲ್ಲೇ (ಆ್ಯಪಿನ ಬೈಟ್‌ಕೋಡಿನ ಓದಬಲ್ಲ ರೂಪದಲ್ಲೇ) ತಿದ್ದುವ ದಾರಿಯೂ ಇದೆ. ಎಪಿಕೆಟೂಲಿನಿಂದ ಬಿಚ್ಚಿ, ತಪಾಸಣೆ ಸೊನ್ನೆ ಹಿಂದಿರುಗಿಸುವಂತೆ ತಿದ್ದಿ, ಕಟ್ಟಿ, ಮೊದಲು ಝಿಪ್‌ಅಲೈನ್, ಆಮೇಲೆ ಎಪಿಕೆಸೈನರ್. ಕ್ರಮ ಹಿಂದುಮುಂದಾದರೆ ಸಹಿ ಕೆಡುತ್ತದೆ. ಇನ್‌ಸ್ಟಾಲ್ ಮಾಡುವಾಗ ಮೈನಸ್ 124 ಎಂಬ ದೋಷ ಬಂದರೆ, ಆಂಡ್ರಾಯ್ಡ್ 11 ಅಥವಾ ಅದರ ಮೇಲಿನ ಗುರಿಯಿರುವ ಆ್ಯಪಿನಲ್ಲಿ ‘ರಿಸೋರ್ಸಸ್ ಎಆರ್‌ಎಸ್‌ಸಿ’ ಕಡತ ಒತ್ತಿಹೋಗಿದೆ ಅಥವಾ 4 ಬೈಟ್ ಗಡಿಯಲ್ಲಿಲ್ಲ ಎಂದು ತಿಳಿಯಿರಿ. ಆ್ಯಪ್ ತನ್ನ ಸಹಿಯನ್ನು ತಾನೇ ಪರೀಕ್ಷಿಸಿಕೊಳ್ಳುತ್ತಿದ್ದರೆ ಆ ತಪಾಸಣೆಯೂ ನಿಮ್ಮ ತಲೆಗೇ ಬಂತು.

ಫೋನೂ ಆ್ಯಪೂ ಅಸಲಿಯೇ ಎಂದು ತೀರ್ಪು ಕೊಡುವ ಪ್ಲೇ ಇಂಟೆಗ್ರಿಟಿ ಇದ್ದರೆ ಮಾತು ಬೇರೆ. ಆ ತೀರ್ಪು ಬರುವುದು ಗೂಗಲ್‌ನಿಂದ, ಅದನ್ನು ನೋಡಿ ತೀರ್ಮಾನಿಸುವುದು ಗ್ರಾಹಕರ ಸರ್ವರ್. ಆ್ಯಪಿನೊಳಗೆ ಏನನ್ನು ಹಿಡಿದರೂ ಅದು ಬದಲಾಗದು. ಇದಕ್ಕೆ ಸರಿಯಾದ ದಾರಿಯಿದೆ: ಪ್ಲೇ ಕನ್ಸೋಲಿನಲ್ಲಿ ಪರೀಕ್ಷಕರ ಜಿಮೇಲ್ ಖಾತೆಗಳಿಗೆ ಬೇಕಾದ ತೀರ್ಪು ಕೊಡುವ ಪರೀಕ್ಷಾ ವ್ಯವಸ್ಥೆ ಉಂಟು, ಗ್ರಾಹಕರಿಗೆ ಹೇಳಿ ಮಾಡಿಸಿಕೊಳ್ಳಿ.

ಮೂರು ದಿನ ಕಳೆದಿದ್ದೀರಿ, ಅದು ಹೆಚ್ಚಾಯಿತು. ನಮ್ಮ ಸಲಹೆ, ಈ ಭಾಗಕ್ಕೆ ಒಂದೇ ದಿನ ಇಡಿ. ದಾಟದಿದ್ದರೆ ರಕ್ಷಣೆ ತೆಗೆದ ಬಿಲ್ಡ್ ಕೇಳಿ, ಉಳಿದ ಪರೀಕ್ಷೆಯನ್ನು ಅದರ ಮೇಲೆ ನಡೆಸಿ. ಕೇಳಲು ನಾಚಿಕೊಳ್ಳಬೇಡಿ. ಗ್ರಾಹಕರು ದುಡ್ಡು ಕೊಟ್ಟಿರುವುದು ನಿಮ್ಮ ಜಾಣತನ ನೋಡಲಿಕ್ಕಲ್ಲ, ಬೇರೆಯವರ ಖಾತೆಯ ವಿವರ ತೆರೆದು ತೋರಿಸುವ ದೋಷ ಸರ್ವರಿನಲ್ಲಿದೆಯೇ ಎಂದು ತಿಳಿಯಲಿಕ್ಕೆ. ಆ ಕೆಲಸಕ್ಕೆ ಸಮಯ ಉಳಿಯಬೇಕು.

ಪ್ರಶ್ನೆ: ನಾ ಯಾವ ರೂಟೂ ಮಾಡಿಲ್ರೀ. ಹುಬ್ಬಳ್ಳ್ಯಾಗ ಸೆಕೆಂಡ್ ಹ್ಯಾಂಡ್ ಫೋನ್ ತಗೊಂಡೆ. ‘ನಿಮ್ಮ ಫೋನ್ ರೂಟ್ ಆಗಿದೆ’ ಅಂತ ಬ್ಯಾಂಕಿನ ಆ್ಯಪ್ ತೆರೀವಲ್ದು. ಬೈಪಾಸ್ ಮಾಡಿಕೊಡ್ತೀನಿ, ಐದನೂರು ಕೊಡ್ರಿ ಅಂತಾನ ಅಂಗಡಿಯಾಂವ.
— ಓದುಗರು, ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಉತ್ತರ: ಕೊಡಬೇಡಿ. ಪರೀಕ್ಷೆಗೆ ಇಟ್ಟ ಫೋನಿನಲ್ಲಿ ಬೈಪಾಸ್ ಬೇರೆ, ನಿಮ್ಮ ದುಡಿಮೆಯ ದುಡ್ಡಿರುವ ಫೋನಿನಲ್ಲಿ ಬೇರೆ. ಹಿಂದಿನ ಮಾಲೀಕರು ಒಳಗೆ ಏನು ಬಿಟ್ಟುಹೋಗಿದ್ದಾರೋ ಗೊತ್ತಿಲ್ಲದ ಫೋನಿನಲ್ಲಿ ಬ್ಯಾಂಕಿನ ಕಣ್ಣು ಕಟ್ಟಿದರೆ ನಷ್ಟ ನಿಮಗೇ.

ಫೋನನ್ನು ಆರಿಸಿ ಹೊತ್ತಿಸಿ. ಶುರುವಿನಲ್ಲಿ ಬೂಟ್‌ಲೋಡರ್ ತೆರೆದಿದೆ ಎಂಬ ಎಚ್ಚರಿಕೆ ಕಂಡರೆ ಅದೇ ಕಾರಣ. ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್’ ತೆರೆದು ಪ್ಲೇ ಪ್ರೊಟೆಕ್ಟ್ ಪ್ರಮಾಣೀಕರಣವನ್ನೂ ನೋಡಿ, ‘ಸಾಧನ ಪ್ರಮಾಣೀಕೃತ’ ಎಂದಿರಬೇಕು. ಇಲ್ಲವಾದರೆ ಫೋನಿನಲ್ಲಿರುವುದು ಕಂಪನಿಯದಲ್ಲದ ರಾಮ್ (ROM, ಅಂದರೆ ಫೋನ್ ನಡೆಸುವ ವ್ಯವಸ್ಥೆಯ ಸಾಫ್ಟ್‌ವೇರ್) ಇರಬಹುದು. ಅಂಥವು ಎಷ್ಟೋ ಸಲ ಟೆಸ್ಟ್ ಕೀಲಿಯಿಂದ ಸಹಿಯಾಗಿರುತ್ತವೆ, ಆ್ಯಪ್ ಅದನ್ನೇ ರೂಟ್ ಎಂದು ಓದುತ್ತದೆ. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಮೂಲ ಸಾಫ್ಟ್‌ವೇರ್ ಹಾಕಿಸಿ, ಆಮೇಲೆ ಬೂಟ್‌ಲೋಡರ್ ಮುಚ್ಚಿಸಿ. ಈ ಕ್ರಮ ಮುಖ್ಯ. ಬೇರೆ ರಾಮ್ ಇರುವಾಗಲೇ ಮುಚ್ಚಿದರೆ ಫೋನು ಏಳದೆ ಹೋಗಬಹುದು. ಮುಚ್ಚುವಾಗಲೂ ಎಲ್ಲ ಅಳಿಯುತ್ತದೆ, ಫೋಟೋ, ನಂಬರುಗಳನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ಇವ್ಯಾವುದೂ ಅಲ್ಲವಾದರೆ ಡೆವಲಪರ್ ಆಯ್ಕೆಯನ್ನು ಮುಚ್ಚಿ ನೋಡಿ, ಒಮ್ಮೊಮ್ಮೆ ಅಷ್ಟರಲ್ಲೇ ಮುಗಿಯುತ್ತದೆ.

ಪ್ರಶ್ನೆ: ನಮ್ಮ ಪತ್ತಿನ ಸಹಕಾರಿ ಸಂಘಕ್ಕೆ ಆ್ಯಪ್ ಮಾಡಿಸಿದ್ದೇವೆ. ಪರೀಕ್ಷಾ ವರದಿಯಲ್ಲಿ ‘ರೂಟ್ ತಪಾಸಣೆ ಬೈಪಾಸ್ ಆಯಿತು, ತೀವ್ರತೆ ಹೆಚ್ಚು’ ಎಂದು ಬಂದಿದೆ. ಆ್ಯಪ್ ಮಾಡಿದವರು ವರ್ಷಕ್ಕಿಷ್ಟು ಎಂದು ಹೆಚ್ಚುವರಿ ರಕ್ಷಣಾ ಸಾಫ್ಟ್‌ವೇರ್ ಕೊಳ್ಳಲು ಹೇಳುತ್ತಿದ್ದಾರೆ. ಆಡಳಿತ ಮಂಡಳಿಗೆ ಏನು ಹೇಳಲಿ?
— ಕಾರ್ಯದರ್ಶಿಗಳು, ಗದಗ

ಉತ್ತರ: ಫೋನಿನಲ್ಲಿ ಓಡುವ ಯಾವ ತಪಾಸಣೆಯನ್ನಾದರೂ ಆ ಫೋನಿನ ಒಡೆಯ ಸಮಯ ಕೊಟ್ಟರೆ ದಾಟಬಲ್ಲ. ಕೊಂಡ ರಕ್ಷಣೆಯೂ ಅದಕ್ಕೆ ಹೊರತಲ್ಲ, ದಾಟಲು ಹಿಡಿಯುವ ಹೊತ್ತು ಮಾತ್ರ ಹೆಚ್ಚುತ್ತದೆ. ಓವಾಸ್ಪ್‌ನ ಮಾನದಂಡವಾದ ಎಂಎಎಸ್‌ವಿಎಸ್ ಕೂಡ ಈ ಬಗೆಯ ತಡೆಗಳನ್ನು ಮೇಲ್ಪದರವಾಗಿಯೇ ನೋಡುತ್ತದೆ. ಇವು ಇಲ್ಲದಿರುವುದೇ ಒಂದು ದೋಷವಲ್ಲ, ಇವು ಇದ್ದ ಮಾತ್ರಕ್ಕೆ ಒಳಗಿನ ದೋಷ ಮಾಯವಾಗುವುದೂ ಇಲ್ಲ. ರಿಸರ್ವ್ ಬ್ಯಾಂಕ್ 2021ರ ಫೆಬ್ರವರಿಯಲ್ಲಿ ಹೊರಡಿಸಿದ ಡಿಜಿಟಲ್ ಪಾವತಿ ಭದ್ರತೆಯ ನಿರ್ದೇಶನದಲ್ಲಿ ರೂಟ್, ಜೈಲ್‌ಬ್ರೇಕ್ ತಪಾಸಣೆಯ ಸಾಧ್ಯತೆ ಪರಿಶೀಲಿಸುವಂತೆ ಸೂಚನೆಯಿತ್ತು. ಅದು ವಾಣಿಜ್ಯ ಬ್ಯಾಂಕ್, ಸಣ್ಣ ಹಣಕಾಸು ಬ್ಯಾಂಕ್, ಪೇಮೆಂಟ್ಸ್ ಬ್ಯಾಂಕ್ ಮತ್ತು ಕ್ರೆಡಿಟ್ ಕಾರ್ಡ್ ಕೊಡುವ ಹಣಕಾಸು ಕಂಪನಿಗಳಿಗೆ ಹೊರಡಿಸಿದ್ದು. ಪತ್ತಿನ ಸಂಘಗಳು ಆ ಪಟ್ಟಿಯಲ್ಲಿರಲಿಲ್ಲ.

ಕೊಳ್ಳುವ ಮೊದಲು ಪರೀಕ್ಷಕರನ್ನೇ ಕೇಳಿ: ಬೈಪಾಸ್ ಆದ ಮೇಲೆ ನಿಮಗೆ ಏನು ಸಿಕ್ಕಿತು? ಸದಸ್ಯರ ಎಂಪಿನ್ ಫೋನಿನಲ್ಲಿ ಓದಲು ಬರುವ ಹಾಗೆ ಕುಳಿತಿತ್ತೇ? ಲಾಗಿನ್ ಟೋಕನ್ ಶೇರ್ಡ್ ಪ್ರಿಫರೆನ್ಸಸ್ ಕಡತದಲ್ಲಿ ಬರಿದೇ ಬಿದ್ದಿತ್ತೇ, ಅಥವಾ ಹಾರ್ಡ್‌ವೇರ್ ಕೀಸ್ಟೋರಿನ ಕೀಲಿಯಿಂದ ಮುಚ್ಚಿತ್ತೇ? ಕೋರಿಕೆಯಲ್ಲಿ ಖಾತೆ ಸಂಖ್ಯೆಯ ಒಂದು ಅಂಕಿ ಬದಲಿಸಿದರೆ ಸರ್ವರ್ ಬೇರೆ ಸದಸ್ಯರ ಠೇವಣಿ ತೋರಿಸಿತೇ? ಒಟಿಪಿ ಸರಿಯೋ ತಪ್ಪೋ ಎಂದು ನಿರ್ಧರಿಸುವುದು ಸರ್ವರೋ, ಆ್ಯಪೋ? ಇವುಗಳಲ್ಲಿ ಒಂದಕ್ಕೆ ಕೆಟ್ಟ ಉತ್ತರ ಬಂದರೂ ತೀವ್ರತೆ ನಿಜವಾಗಿ ಹೆಚ್ಚು, ಹಣ ಮೊದಲು ಅಲ್ಲಿಗೆ ಹೋಗಬೇಕು. ಖಾತೆ ಸಂಖ್ಯೆಯ ದೋಷಕ್ಕಂತೂ ರೂಟ್ ಆದ ಫೋನೇ ಬೇಕಿಲ್ಲ, ಸರ್ವರಿಗೆ ನೇರವಾಗಿ ಕೋರಿಕೆ ಕಳಿಸಿದರೂ ಅದು ತೆರೆದುಕೊಳ್ಳುತ್ತದೆ. ಯಾವುದೂ ಸಿಗದಿದ್ದರೆ ‘ಹೆಚ್ಚು’ ಎಂದು ಬರೆದದ್ದು ಯಾವ ಆಧಾರದ ಮೇಲೆ ಎಂದು ಕೇಳಿ, ತಿದ್ದಿಸಿ.

ಪ್ಲೇ ಇಂಟೆಗ್ರಿಟಿ ಅಳವಡಿಸಲು ಆ್ಯಪ್ ಮಾಡಿದವರಿಗೆ ಹೇಳಬಹುದು. ಆದರೆ ತೀರ್ಪನ್ನು ಸರ್ವರಿನಲ್ಲೇ ಬಿಡಿಸಿ ನೋಡಬೇಕು, ಪ್ರತಿ ಮುಖ್ಯ ವ್ಯವಹಾರಕ್ಕೂ ಒಮ್ಮೆ ಮಾತ್ರ ನಡೆಯುವ ಗುರುತು ಅದಕ್ಕೆ ಕಟ್ಟಿರಬೇಕು. ಫೋನಿನಲ್ಲೇ ಓದಿ ‘ಸರಿ’ ಎನ್ನುವ ಹಾಗೆ ಮಾಡಿಟ್ಟರೆ ಹಳೆಯ ತಪಾಸಣೆಗೂ ಇದಕ್ಕೂ ಏನೂ ಅಂತರವಿಲ್ಲ.

ಪ್ರಶ್ನೆ: ಅನುಮತಿ ಇಲ್ಲದೆ ಒಂದು ಆ್ಯಪಿನ ರೂಟ್ ತಪಾಸಣೆ ದಾಟಿ, ದೋಷ ಹುಡುಕಿ, ಕಂಪನಿಗೆ ತಿಳಿಸಿದರೆ ಅಪರಾಧವೇ?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಸರ್ವರಿಗೆ ಕೈ ಹಾಕಿದರೆ ಆಗಬಹುದು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೆಯ ಕಲಮು ಒಡೆಯರ ಅನುಮತಿಯಿಲ್ಲದ ಪ್ರವೇಶವನ್ನು ಹೇಳುತ್ತದೆ, ಅದನ್ನು ಅಪ್ರಾಮಾಣಿಕ ಉದ್ದೇಶದಿಂದ ಮಾಡಿದರೆ 66ನೆಯ ಕಲಮಿನಡಿ ಮೂರು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ನಿಮ್ಮ ಉದ್ದೇಶ ಒಳ್ಳೆಯದಿತ್ತು ಎಂದು ನೀವೇ ಸಾಧಿಸಬೇಕಾದ ಪರಿಸ್ಥಿತಿ ತಂದುಕೊಳ್ಳಬೇಡಿ. ಬಗ್ ಬೌಂಟಿ (ದೋಷ ತೋರಿಸಿದವರಿಗೆ ಬಹುಮಾನ) ಇರುವ ಕಂಪನಿಗಳ ನಿಯಮದೊಳಗೇ ಕೆಲಸ ಮಾಡಿ. ಅಕಸ್ಮಾತ್ ಕಣ್ಣಿಗೆ ಬಿದ್ದ ದೋಷವನ್ನು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬಹುದು. ಒಪ್ಪಿಗೆ ಪತ್ರದಲ್ಲಿ ಆ್ಯಪಿನ ಪ್ಯಾಕೇಜ್ ಹೆಸರು, ಆವೃತ್ತಿ, ಸರ್ವರ್ ವಿಳಾಸಗಳು, ದಿನಾಂಕಗಳು, ಪರೀಕ್ಷಾ ಖಾತೆಗಳು ಮತ್ತು ರಕ್ಷಣೆ ದಾಟಲು ಒಪ್ಪಿಗೆಯಿದೆ ಎಂಬ ಸ್ಪಷ್ಟ ಸಾಲು ಇರಬೇಕು.

ಪ್ರಶ್ನೆ: ಜೈಲ್‌ಬ್ರೇಕ್ ತಪಾಸಣೆ ಪರೀಕ್ಷಿಸಲು ಯಾವ ಐಫೋನ್ ಕೊಳ್ಳಬೇಕು?
— ಇಬ್ಬರು ಪರೀಕ್ಷಕರು, ಧಾರವಾಡ

ಉತ್ತರ: ಹಳೆಯ ಐಫೋನ್ 8, 8 ಪ್ಲಸ್ ಅಥವಾ ಎಕ್ಸ್. ಮೂರರಲ್ಲೂ ಎ11 ಚಿಪ್ ಇದೆ. 2019ರಲ್ಲಿ ಹೊರಬಂದ ಚೆಕ್‌ಎಂ8 ದೋಷ ಇವುಗಳ ಬೂಟ್ ರಾಮಿನಲ್ಲೇ (ಚಿಪ್ಪಿನಲ್ಲೇ ಅಚ್ಚಾದ, ಬದಲಿಸಲಾಗದ ಕೋಡಿನಲ್ಲೇ) ಇರುವುದರಿಂದ ಆಪಲ್ ಅಪ್‌ಡೇಟ್ ಕೊಟ್ಟು ಮುಚ್ಚಲಾಗದು. ಐಒಎಸ್ 15, 16ಕ್ಕೆ ಪಲೇರಾ1ಎನ್ ಎಂಬ ಜೈಲ್‌ಬ್ರೇಕ್ ಸಾಧನ ನಡೆಯುತ್ತದೆ. ಮ್ಯಾಕ್ ಅಥವಾ ಲಿನಕ್ಸ್ ಯಂತ್ರ ಬೇಕು. ಕೇಬಲ್ ಯುಎಸ್‌ಬಿ-ಎ ಇರಲಿ, ಸಿ ಕೇಬಲ್ ಡಿಎಫ್‌ಯು (ಫೋನಿನ ದುರಸ್ತಿ ಸ್ಥಿತಿ) ಹಂತದಲ್ಲಿ ಕೈಕೊಡುವುದುಂಟು. ಎ11ರಲ್ಲಿ ಒಂದು ತೊಡಕಿದೆ: ಪಾಸ್‌ಕೋಡ್ ಇಡುವಂತಿಲ್ಲ, ಐಒಎಸ್ 16ರಲ್ಲಂತೂ ರಿಸ್ಟೋರ್ ಆದಾಗಿನಿಂದ ಒಮ್ಮೆಯೂ ಇಟ್ಟಿರಬಾರದು. ಆದ್ದರಿಂದ ಕೊಂಡ ಕೂಡಲೇ ರಿಸ್ಟೋರ್ ಮಾಡಿ, ಪಾಸ್‌ಕೋಡ್ ಕೇಳಿದಾಗ ಬಿಟ್ಟು ಮುಂದೆ ಹೋಗಿ. ಪಾಸ್‌ಕೋಡ್ ಇಲ್ಲದ ಫೋನಿನಲ್ಲಿ ಓಡಲು ಒಪ್ಪದ ಆ್ಯಪ್‌ಗಳೂ ಇವೆ, ಅದನ್ನು ಜೈಲ್‌ಬ್ರೇಕ್ ತಪಾಸಣೆ ಎಂದು ತಪ್ಪು ತಿಳಿಯಬೇಡಿ. ಫೋನ್ ಆರಿ ಹೊತ್ತಿದರೆ ಜೈಲ್‌ಬ್ರೇಕ್ ಮತ್ತೆ ಮಾಡಬೇಕು.

ತಪಾಸಣೆ ಎಲ್ಲಿದೆ ಎಂದು ಹುಡುಕುವ ಮೊದಲು ಆ್ಯಪಿನ ವಿವರಗಳ ಕಡತವಾದ ಇನ್ಫೋ ಪಿಲಿಸ್ಟ್ ತೆರೆಯಿರಿ. ಜೈಲ್‌ಬ್ರೇಕ್ ಫೋನುಗಳ ಆ್ಯಪ್ ಅಂಗಡಿಗಳಾದ ಸಿಡಿಯಾ, ಸಿಲಿಯೋ ಇವೆಯೇ ಎಂದು ಆ್ಯಪ್ ಕೇಳಬೇಕಾದರೆ ಆ ಹೆಸರುಗಳನ್ನು ‘ಕ್ವೆರೀಸ್ ಸ್ಕೀಮ್ಸ್’ ಪಟ್ಟಿಯಲ್ಲಿ ಮೊದಲೇ ಬರೆದಿರಬೇಕು, ಹಾಗಾಗಿ ಅದು ಏನೇನು ಹುಡುಕುತ್ತದೆ ಎಂದು ತಾನೇ ಹೇಳಿಬಿಡುತ್ತದೆ. ಉಳಿದದ್ದು ಕಡತದ ಹಾದಿಗಳು, ಸ್ಯಾಂಡ್‌ಬಾಕ್ಸಿನ ಹೊರಗೆ ಬರೆದು ನೋಡುವುದು, ಫೋರ್ಕ್ ಮಾಡಿ (ಹೊಸ ಪ್ರೊಸೆಸ್ ಹುಟ್ಟಿಸಿ) ನೋಡುವುದು, ಲೋಡ್ ಆದ ಡೈಲಿಬ್‌ಗಳ (ಲೈಬ್ರರಿಗಳ) ಪಟ್ಟಿ. ಹಳೆಯ ಹಾದಿಗಳ ಪಟ್ಟಿಯನ್ನಷ್ಟೇ ನಂಬಿದ ಆ್ಯಪಿಗೆ, ಎಲ್ಲವನ್ನೂ ‘ವಾರ್’ ಒಳಗಿನ ‘ಜೆಬಿ’ ಫೋಲ್ಡರಿನಲ್ಲಿಡುವ ರೂಟ್‌ಲೆಸ್ ಜೈಲ್‌ಬ್ರೇಕ್ ಕಾಣುವುದೇ ಇಲ್ಲ. ಅಲ್ಲಿ ನೀವು ಏನೂ ಬೈಪಾಸ್ ಮಾಡದೆ ಆ್ಯಪ್ ತೆರೆದುಕೊಂಡರೆ ಅದನ್ನೇ ವರದಿಯಲ್ಲಿ ಬರೆಯಿರಿ, ಐಒಎಸ್ ಆವೃತ್ತಿ ಮತ್ತು ಜೈಲ್‌ಬ್ರೇಕಿನ ಹೆಸರಿನ ಸಮೇತ.